ಮನೆಯಲ್ಲೇ ಶರಬತ್ತಿನ ಸಿರಪ್: ಪಾಕ, ಹುಳಿ, ಪರಿಮಳದ ಲೆಕ್ಕ

ವಿಜಯಪುರದಲ್ಲಿ ಬಿಸಿಲು ಏರತೊಡಗಿದರೆ ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಶರಬತ್ತು ಕೊಡುವುದು ರೂಢಿ. ರಂಜಾನ್ ತಿಂಗಳಲ್ಲಂತೂ ಗುಲಾಬಿ ಶರಬತ್ತು, ನೆನೆಸಿದ ಕಾಮಕಸ್ತೂರಿ ಬೀಜ ಇಲ್ಲದ ಇಫ್ತಾರ್ ಕಡಿಮೆ. ಅಂಗಡಿಯ ಸಿರಪ್‌ನಷ್ಟೇ ಚೆನ್ನಾಗಿರುವ, ಅದಕ್ಕಿಂತ ಹದವಾದ ಸಿರಪ್ ಮನೆಯಲ್ಲೇ ಆಗುತ್ತದೆ. ಬೇಕಾಗುವುದು ತೂಕದ ಶಿಸ್ತು. ಮುಚ್ಚಳದ ಲೆಕ್ಕದಲ್ಲಿ, ಹನಿಯ ಲೆಕ್ಕದಲ್ಲಿ ಎಸೆನ್ಸ್ ಹಾಕುವವರಿಗೆ ಒಂದು ಸಲ ಬಂದ ರುಚಿ ಮತ್ತೊಂದು ಸಲ ಬರುವುದಿಲ್ಲ. ಹನಿಯ ಗಾತ್ರವೇ ಒಂದೇ ಆಗಿರುವುದಿಲ್ಲ: ನೀರಾದರೆ ಸುಮಾರು 20 ಹನಿಗೆ ಒಂದು ಎಂ.ಎಲ್. ಆಗುತ್ತದೆ, ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿದ ಎಸೆನ್ಸಿನ ಹನಿ ಸಣ್ಣದು, ಹಾಗಾಗಿ ಅದೇ ಒಂದು ಎಂ.ಎಲ್.ಗೆ ಹೆಚ್ಚು ಹನಿ ಬೇಕು. ಆದ್ದರಿಂದ ನಾನು ನೀರನ್ನೂ ಸೇರಿಸಿ ಎಲ್ಲವನ್ನೂ ತೂಕದಲ್ಲೇ ಅಳೆಯುತ್ತೇನೆ. ಸಕ್ಕರೆಗೆ ಅಡುಗೆಮನೆಯ ತಕ್ಕಡಿ ಸಾಕು. ಎಸೆನ್ಸ್, ಬಣ್ಣ, ಸಂರಕ್ಷಕಕ್ಕೆ 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ ಬೇಕು, ಅಕ್ಕಸಾಲಿಗರು ಬಳಸುವಂಥದ್ದು.

ಮೊದಲು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಬಹುತೇಕ ಗಡಸು, ಕೆಲವು ಕಡೆ ಸವಳು. ಅದರಲ್ಲಿರುವ ಸುಣ್ಣದ ಅಂಶ ನಾವು ಹಾಕಿದ ಹುಳಿಯನ್ನು ಸ್ವಲ್ಪ ತಿಂದುಹಾಕುತ್ತದೆ, ಪಾಕ ಮಬ್ಬಾಗುತ್ತದೆ, ದಾಳಿಂಬೆಯ ಕೆಂಪು ಮಂಕಾಗುತ್ತದೆ. ಆರ್‌ಒ ನೀರನ್ನೇ ಬಳಸಿ. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಪಾತೇಲಿಯಲ್ಲಿ ಹುಳಿ ಕುದಿಸಬಾರದು.

ಪಾಕದಲ್ಲಿ ನಾನು ಎರಡು ಬಗೆ ಇಟ್ಟುಕೊಳ್ಳುತ್ತೇನೆ. ನೀರಿಗೆ ಅಥವಾ ಸೋಡಾಕ್ಕೆ ಬೆರೆಸುವ ಸಿರಪ್‌ಗೆ ಹುಳಿ ಪಾಕ: ಸಕ್ಕರೆ 650 ಗ್ರಾಂ, ನೀರು 335 ಗ್ರಾಂ, ಸಿಟ್ರಿಕ್ ಆಮ್ಲ 15 ಗ್ರಾಂ, ಒಟ್ಟು ಒಂದು ಕಿಲೋ. ಹಾಲಿಗೆ ಬೆರೆಸುವ ಗುಲಾಬಿ, ಏಲಕ್ಕಿ, ಕೇಸರಿ ಸಿರಪ್‌ಗೆ ಸಪ್ಪೆ ಪಾಕ: ಸಕ್ಕರೆ 600 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 80 ಗ್ರಾಂ, ನೀರು 320 ಗ್ರಾಂ, ಸಿಟ್ರಿಕ್ ಆಮ್ಲ ಇಲ್ಲವೇ ಇಲ್ಲ. ಹುಳಿ ಪಾಕದ ಗುಲಾಬಿಯನ್ನು ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ, ಬಿಸಿ ಹಾಲಾದರೆ ಆ ಕ್ಷಣವೇ. ಒಂದೇ ಗುಲಾಬಿ ಸಿರಪ್ ಎರಡಕ್ಕೂ ಆಗಲಿ ಎಂದು ಹುಳಿ ಅರ್ಧ ಮಾಡುವವರಿದ್ದಾರೆ. ಅದು ನೀರಿಗೂ ರುಚಿಸದು, ಹಾಲಿಗೂ ನಂಬಿಕೆಯಿಲ್ಲ.

ಸಪ್ಪೆ ಪಾಕಕ್ಕೆ ಗ್ಲೂಕೋಸ್ ಯಾಕೆ ಎಂದರೆ ಹರಳು ಕಟ್ಟದಿರಲಿ ಎಂದು. ಹುಳಿ ಪಾಕದಲ್ಲಿ ಆ ಕೆಲಸವನ್ನು ಸಿಟ್ರಿಕ್ ಆಮ್ಲವೇ ಮಾಡುತ್ತದೆ: ಕುದಿಯುವಾಗ ಸಕ್ಕರೆಯ ಒಂದಷ್ಟು ಪಾಲನ್ನು ಗ್ಲೂಕೋಸ್, ಫ್ರುಕ್ಟೋಸ್ ಆಗಿ ಒಡೆಯುತ್ತದೆ, ಈ ಮಿಶ್ರಣ ಸುಲಭಕ್ಕೆ ಹರಳುಗಟ್ಟದು. ಬರೀ ಸಕ್ಕರೆ ನೀರಿನಲ್ಲಿ ಕೋಣೆಯ ಬಿಸಿಗೆ ಸುಮಾರು 67 ಪ್ರತಿಶತದವರೆಗೆ ಮಾತ್ರ ಕರಗಿ ನಿಲ್ಲುತ್ತದೆ. ಅದರ ಮೇಲೆ ಹೋದರೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ. 65ಕ್ಕಿಂತ ಕೆಳಗಿಳಿದರೆ ಬೂಸ್ಟು, ಹುದುಗು. ಗುರಿಯಿಡಬೇಕಾದ ಜಾಗ ಅಷ್ಟು ಕಿರಿದು. ಎಳೆ ಪಾಕ ನೋಡುವ ಹಳೆಯ ಕೈಗುಣ ಉಂಡಿಗೆ ಸರಿ, ಸಿರಪ್‌ಗೆ ಸಾಲದು. ಎಳೆ ಬರುವಷ್ಟರಲ್ಲಿ ಪಾಕ 67 ದಾಟಿರುತ್ತದೆ.

ಕುದಿಯುವಾಗ ನೀರು ಆವಿಯಾಗುವ ಕಾರಣ ನಾನು 50 ಗ್ರಾಂ ನೀರು ಹೆಚ್ಚಿಗೆ ಹಾಕುತ್ತೇನೆ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟು, ಇಳಿಸಿದ ಮೇಲೆ ಪಾತ್ರೆಸಹಿತ ತೂಗಿ, ಪಾಕ ಸರಿಯಾಗಿ ಒಂದು ಕಿಲೋಗೆ ಬರುವಂತೆ ಮಾಡುತ್ತೇನೆ: ಹೆಚ್ಚಿದ್ದರೆ ಮತ್ತೆ ಒಲೆಗೆ, ಕಡಿಮೆಯಿದ್ದರೆ ಕುದಿದ ನೀರು. ಥರ್ಮಾಮೀಟರ್ ಇದ್ದವರು ಮೊದಲು ಬರೀ ನೀರು ಎಷ್ಟರಲ್ಲಿ ಕುದಿಯುತ್ತದೆ ಎಂದು ನೋಡಿಕೊಳ್ಳಬೇಕು. ಬೆಳಗಾವಿಯಂಥ ಎತ್ತರದಲ್ಲಿ ಅದು 100 ಅಲ್ಲ, 97ರಿಂದ 98 ಡಿಗ್ರಿ. 65 ಪ್ರತಿಶತದ ಪಾಕ ಅದಕ್ಕಿಂತ ಸುಮಾರು 4 ಡಿಗ್ರಿ ಮೇಲೆ ಕುದಿಯುತ್ತದೆ. ಪುಸ್ತಕದ ಅಂಕಿಯನ್ನು ಹಾಗೇ ಹಿಡಿದರೆ ನಮ್ಮ ಕಡೆ ಪಾಕ ಗಟ್ಟಿಯಾಗಿಬಿಡುತ್ತದೆ. ಇನ್ನೊಂದು ಲೆಕ್ಕ ತಲೆಯಲ್ಲಿರಲಿ: ಈ ಪಾಕದ ಒಂದು ಎಂ.ಎಲ್. ಸುಮಾರು 1.32 ಗ್ರಾಂ ತೂಗುತ್ತದೆ, ಅಂದರೆ 750 ಎಂ.ಎಲ್. ಬಾಟಲಿಗೆ ಹೆಚ್ಚೂಕಡಿಮೆ ಒಂದು ಕಿಲೋ.

ಇನ್ನು ಪರಿಮಳ. ಎಸೆನ್ಸ್ ಕೊಳ್ಳುವಾಗ ಚೀಟಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರು, ‘ಆಹಾರಕ್ಕೆ’ ಎಂಬ ಮಾತು ಇದೆಯೇ ನೋಡಿ. ಊದುಬತ್ತಿಗೆ, ಸೋಪಿಗೆ ಮಾರುವ ಗುಲಾಬಿ ಪರಿಮಳ ಬೇರೆ, ಅದು ಬಾಯಿಗಲ್ಲ. ನೀರಿನಲ್ಲಿ ಕರಗುವ ಎಸೆನ್ಸೇ ಬೇಕು. ಚಾಕೊಲೇಟಿಗೆಂದು ಬರುವ ಎಣ್ಣೆ ಆಧಾರದ ಪರಿಮಳ ಸಿರಪ್‌ನಲ್ಲಿ ಮೇಲೆ ತೇಲಿ ಉಂಗುರ ಕಟ್ಟುತ್ತದೆ, ಮೊದಲ ಲೋಟ ಘಾಟು, ಕೊನೆಯ ಲೋಟ ಸಪ್ಪೆ.

ಮಾಮೂಲಿ ಎಸೆನ್ಸ್ ಕುಡಿಯುವ ಲೋಟದಲ್ಲಿ 0.05ರಿಂದ 0.1 ಪ್ರತಿಶತ ಇದ್ದರೆ ಸಾಕು. ನಾನು 30 ಗ್ರಾಂ ಸಿರಪ್‌ಗೆ 170 ಗ್ರಾಂ ತಣ್ಣೀರು ಬೆರೆಸುತ್ತೇನೆ, ಹಾಗಾಗಿ ಸಿರಪ್‌ನಲ್ಲಿ ಅದು ಸುಮಾರು 0.3ರಿಂದ 0.6 ಪ್ರತಿಶತ ಇರಬೇಕು: ಕಿಲೋಗೆ 3ರಿಂದ 6 ಗ್ರಾಂ. ಒಂದೊಂದು ಕಂಪನಿಯ ಎಸೆನ್ಸ್ ಒಂದೊಂದು ಖಾರ, ಆದ್ದರಿಂದ ಹೊಸ ಬಾಟಲಿ ತಂದಾಗ ಕಿಲೋಗೆ 2 ಗ್ರಾಂನಿಂದ ಶುರುಮಾಡುವುದು ಲೇಸು.

ಪ್ರಯೋಗಕ್ಕೆ ಇಡೀ ಕಿಲೋ ಹಾಳುಮಾಡಬೇಡಿ. 1 ಗ್ರಾಂ ಎಸೆನ್ಸನ್ನು 9 ಗ್ರಾಂ ತಣ್ಣನೆಯ ಸಪ್ಪೆ ಪಾಕಕ್ಕೆ ಬೆರೆಸಿ ಸಣ್ಣ ಶೀಶೆಯಲ್ಲಿಡಿ. ಇದು ಹತ್ತು ಪ್ರತಿಶತದ ತಾಯಿ ದ್ರಾವಣ. 100 ಗ್ರಾಂ ಪಾಕಕ್ಕೆ ಇದರ 1 ಗ್ರಾಂ ಹಾಕಿದರೆ 0.1 ಪ್ರತಿಶತ, 3 ಗ್ರಾಂ ಹಾಕಿದರೆ ಹೆಚ್ಚೂಕಡಿಮೆ 0.3. ಕೇವಡಾ (ಕೇದಗೆ), ಏಲಕ್ಕಿ, ವೆನಿಲಾದಂಥ ತೀಕ್ಷ್ಣವಾದವನ್ನು ಈ ದಾರಿ ಬಿಟ್ಟು ಬೇರೆ ರೀತಿ ಅಳೆಯಲಾಗದು, 0.02 ಗ್ರಾಂ ಹೆಚ್ಚುಕಡಿಮೆಯಾದರೂ ನಾಲಿಗೆಗೆ ಗೊತ್ತಾಗುತ್ತದೆ. ಪ್ರೊಪಿಲೀನ್ ಗ್ಲೈಕಾಲ್‌ನಲ್ಲೂ ತಾಯಿ ದ್ರಾವಣ ಮಾಡಬಹುದು, ಆದರೆ ಕೈಗಾರಿಕೆಯ ಡಬ್ಬಿಯದನ್ನು ಮುಟ್ಟಬೇಡಿ. ಅದರಲ್ಲಿ ಡೈಇಥಿಲೀನ್ ಗ್ಲೈಕಾಲ್ ಬೆರೆತಿರುವ ಅಪಾಯವಿದೆ. 2022ರಲ್ಲಿ ಗ್ಯಾಂಬಿಯಾದ ಮಕ್ಕಳು ಕುಡಿದ ಕೆಮ್ಮಿನ ಸಿರಪ್‌ಗಳಲ್ಲಿ ಸಿಕ್ಕ ವಿಷ ಅದೇ. ಪಾಕದಲ್ಲೇ ಕರಗಿಸಿದರೆ ಆ ಚಿಂತೆ ಇಲ್ಲ, ಒಂದೆರಡು ವಾರದಲ್ಲಿ ಮುಗಿಸಿದರಾಯಿತು.

ಶುರುಮಾಡಲು ಕಿಲೋ ಲೆಕ್ಕದಲ್ಲಿ ನನ್ನ ಮೂರು ಹದಗಳು ಹೀಗಿವೆ. ಹಾಲಿನ ಗುಲಾಬಿ: ಗುಲಾಬಿ 4 ಗ್ರಾಂ, ಕೇವಡಾ 0.3, ಏಲಕ್ಕಿ 0.2. ಕೇವಡಾ 0.5 ದಾಟಿದರೆ ಗುಲಾಬಿ ಮುಳುಗಿ ಬರೀ ಕೇವಡಾ ಉಳಿಯುತ್ತದೆ. ಅನಾನಸ್: ಅನಾನಸ್ 3 ಗ್ರಾಂ, ಲಿಂಬೆ 0.8, ವೆನಿಲಾ 0.2. ಅನಾನಸ್ ಎಸೆನ್ಸ್ ಒಂದೇ ಇದ್ದರೆ ಪೆಪ್ಪರಮಿಂಟಿನ ಅಗ್ಗದ ವಾಸನೆ ಬರುತ್ತದೆ, ಲಿಂಬೆ ಅದನ್ನು ಹಣ್ಣಿನ ಕಡೆಗೆ ಎಳೆಯುತ್ತದೆ. ಕಿತ್ತಳೆ: ಕಿತ್ತಳೆ 4 ಗ್ರಾಂ, ವೆನಿಲಾ 0.5, ಐಸ್‌ಕ್ರೀಂ ಸೋಡಾದ ರುಚಿ ಬೇಕಾದವರಿಗೆ ಇದು.

ಎಸೆನ್ಸನ್ನು ಪಾಕ 45 ಡಿಗ್ರಿಗೆ ಇಳಿದ ಮೇಲೆಯೇ ಹಾಕಬೇಕು, ಅಂದರೆ ಪಾತ್ರೆಯ ಹೊರಮೈ ಕೈಗೆ ಬೆಚ್ಚಗೆ ಹತ್ತಿ, ಸುಡದಿದ್ದಾಗ. ಬಿಸಿ ಪಾಕಕ್ಕೆ ಹಾಕಿದರೆ ಅಡುಗೆಮನೆಯೆಲ್ಲ ಘಮಘಮಿಸುತ್ತದೆ, ಬಾಟಲಿಯಲ್ಲಿ ಏನೂ ಉಳಿಯುವುದಿಲ್ಲ. ಹಣ್ಣಿನ ಎಸೆನ್ಸ್‌ಗಳಿಗೆ ಪರಿಮಳ ಕೊಡುವ ಎಸ್ಟರ್ ಎಂಬ ವಸ್ತುಗಳು ಬೇಗ ಹಾರಿಹೋಗುವಂಥವು. ಬೆರೆಸಿದ ತಕ್ಷಣ ರುಚಿಯ ತೀರ್ಪು ಕೊಡಬೇಡಿ. ಎರಡು ಮೂರು ದಿನ ಮುಚ್ಚಿ ಕತ್ತಲಲ್ಲಿಟ್ಟರೆ ಮೊದಲಿನ ಘಾಟು ಇಳಿದು ಒಂದಕ್ಕೊಂದು ಹೊಂದುತ್ತವೆ. ನೋಡುವಾಗಲೂ ಸಿರಪ್ ನೆಕ್ಕಿ ನೋಡಬಾರದು. ಕುಡಿಯುವ ಅಳತೆಯಲ್ಲೇ ಬೆರೆಸಿ, ಬರ್ಫ ಹಾಕಿ ನೋಡಬೇಕು: ತಣ್ಣಗಾದಷ್ಟೂ ಸಿಹಿಯೂ ಪರಿಮಳವೂ ನಾಲಿಗೆಗೆ ಕಡಿಮೆ ತಾಕುತ್ತವೆ. ಸೋಡಾಕ್ಕಾದರೆ ಉಲ್ಟಾ. ಗ್ಯಾಸು ಪರಿಮಳವನ್ನು ಮೂಗಿಗೆ ಎತ್ತಿ ಕೊಡುತ್ತದೆ, ತಾನೂ ಒಂದಿಷ್ಟು ಹುಳಿ ತರುತ್ತದೆ. ಸೋಡಾ ಸಿರಪ್‌ನಲ್ಲಿ ಎಸೆನ್ಸ್ ಕಾಲು ಭಾಗ ಕಡಿಮೆ, ಸಿಟ್ರಿಕ್ ಆಮ್ಲ 15ರ ಬದಲು 10 ಗ್ರಾಂ ಇಡುತ್ತೇನೆ.

ಇದೇ ಎಸೆನ್ಸನ್ನು ವೇಪ್‌ಗೆ, ಅಂದರೆ ಇ-ಸಿಗರೇಟಿಗೆ, ಹಾಕಬಹುದೇ ಎಂದು ಕೇಳುವ ಹುಡುಗರು ಬಹಳ. ಕೂಡದು. ಹೊಟ್ಟೆಗೆ ಹೋದರೆ ತೊಂದರೆಯಿಲ್ಲದ ವಸ್ತು ಕಾದು ಹೊಗೆಯಾಗಿ ಶ್ವಾಸಕೋಶಕ್ಕೆ ಹೋದರೆ ಬೇರೆಯೇ ಕಥೆ. ಬೆಣ್ಣೆಯ ಪರಿಮಳಕ್ಕೆ ಬಳಸುವ ಡೈಅಸಿಟೈಲ್ ಉಸಿರಾಟದ ಸಣ್ಣ ನಾಳಗಳಿಗೆ ವಾಸಿಯಾಗದ ಗಾಯ ಮಾಡುವುದು ಪಾಪ್‌ಕಾರ್ನ್ ಕಾರ್ಖಾನೆಗಳ ಕಾರ್ಮಿಕರಲ್ಲೇ ಕಂಡಿದೆ. ಎಣ್ಣೆ ಆಧಾರದ್ದು ಇನ್ನೂ ಕೆಟ್ಟದ್ದು. ಸಾಲದ್ದಕ್ಕೆ 2019ರ ಕಾಯ್ದೆಯಿಂದ ಇ-ಸಿಗರೇಟಿನ ತಯಾರಿಕೆ, ಮಾರಾಟ, ದಾಸ್ತಾನು ಎಲ್ಲವೂ ನಮ್ಮ ದೇಶದಲ್ಲಿ ಅಪರಾಧ.

ಎಸೆನ್ಸ್ ಇಲ್ಲದ ಸಿರಪ್‌ಗೆ ನಮ್ಮ ಸುತ್ತಲಿನ ಹಣ್ಣುಗಳೇ ಸಾಕು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಬಂದಿದೆ. ಸಿಪ್ಪೆ ತೆಳು, ರಸ ಹೆಚ್ಚು. ಲಿಂಬೆ ಸ್ಕ್ವಾಷ್‌ಗೆ ರಸ 300 ಗ್ರಾಂ, ಸಕ್ಕರೆ 450, ನೀರು 250. ರಸದಲ್ಲೇ ಹುಳಿ ತುಂಬಾ ಇರುವುದರಿಂದ ಸಿಟ್ರಿಕ್ ಆಮ್ಲ ಬೇಡ. ಹಣ್ಣನ್ನು ಬಿಗಿಯಾಗಿ ಹಿಂಡಬೇಡಿ, ಬೀಜ ಒಡೆಯಬೇಡಿ. ಬೀಜ, ಬಿಳಿ ತಿರುಳಿನಿಂದ ಬರುವ ಕಹಿ ಆಗಲೇ ಕಾಣಿಸದು, ಕೆಲವು ಗಂಟೆ ಬಿಟ್ಟು ತಲೆಯೆತ್ತುತ್ತದೆ. ಆಗ ಎಷ್ಟು ಸಕ್ಕರೆ ಸುರಿದರೂ ಮುಚ್ಚುವುದಿಲ್ಲ. ಪರಿಮಳಕ್ಕೆ ಆರು ಹಣ್ಣಿನ ಹಸಿರು ಸಿಪ್ಪೆಯನ್ನಷ್ಟೇ ತೆಳ್ಳಗೆ ಹೆರೆದು, ಆ 450ರಲ್ಲೇ 100 ಗ್ರಾಂ ಸಕ್ಕರೆಯೊಂದಿಗೆ ಕೈಯಿಂದ ತಿಕ್ಕಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಸಕ್ಕರೆ ಒದ್ದೆಯಾಗಿ, ತಿಳಿಹಸಿರಾಗಿ, ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವಷ್ಟು ಘಮವಾಗಿರುತ್ತದೆ. ಉಳಿದ ಸಕ್ಕರೆ ನೀರನ್ನು ಕುದಿಸಿ ಆರಿಸಿ, ಇದನ್ನು ಕರಗಿಸಿ, ಕೊನೆಗೆ ರಸ ಬೆರೆಸಿ ಸೋಸಿ. ರಸವನ್ನು ಕುದಿಸಬಾರದು. ಲಿಂಬೆ ಎಣ್ಣೆ ಬೆಳಕಿಗೂ ಗಾಳಿಗೂ ಕೆಟ್ಟು ಟರ್ಪಂಟೈನ್ ವಾಸನೆ ಬರುತ್ತದೆ, ಆದ್ದರಿಂದ ಕಂದು ಬಾಟಲಿ, ಕತ್ತಿನವರೆಗೆ ತುಂಬಿಸಿ.

ಬಾಗಲಕೋಟೆಯ ಕಡೆಯ ಭಗವಾ ದಾಳಿಂಬೆ ಸಿಹಿ ಹೆಚ್ಚು, ಹುಳಿ ಕಡಿಮೆ. ಇದಕ್ಕೆ ಕಿಲೋಗೆ 10ರಿಂದ 12 ಗ್ರಾಂ ಸಿಟ್ರಿಕ್ ಆಮ್ಲ ಬೇಕೇ ಬೇಕು. ಕಾಳುಗಳನ್ನು ಮಿಕ್ಸಿಗೆ ಹಾಕಬೇಡಿ, ಬೀಜ ನುರಿದು ಒಗರಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಚುಕಿ. ರಸವನ್ನು 80ರಿಂದ 85 ಡಿಗ್ರಿಗೆ ಒಂದೆರಡು ನಿಮಿಷ ಮಾತ್ರ ಬಿಸಿ ಮಾಡಿ, ಹೆಚ್ಚಾದರೆ ಕೆಂಪು ಹೋಗಿ ಇಟ್ಟಿಗೆ ಬಣ್ಣ. ಖಾನಾಪುರದ ಕಡೆಯಿಂದ ಬರುವ ಕೋಕಮ್‌ಗೂ ಇದೇ ಎಚ್ಚರ.

ಸಂರಕ್ಷಕದಲ್ಲಿ ಜನ ಎಡವುವುದು ಹೆಚ್ಚು. ಬಣ್ಣದ ಹಣ್ಣುಗಳಿಗೆ, ದಾಳಿಂಬೆ, ಕೋಕಮ್, ಕಪ್ಪು ದ್ರಾಕ್ಷಿಗೆ, ಸೋಡಿಯಂ ಬೆಂಜೊಯೇಟ್, ಕಿಲೋಗೆ 0.7 ಗ್ರಾಂ. ಲಿಂಬೆಗೆ ಪೊಟ್ಯಾಷಿಯಂ ಮೆಟಾಬೈಸಲ್ಫೈಟ್, ಕಿಲೋಗೆ 0.6 ಗ್ರಾಂ. ಅದಲುಬದಲು ಮಾಡಬೇಡಿ: ಮೆಟಾಬೈಸಲ್ಫೈಟ್ ಹಣ್ಣಿನ ಕೆಂಪನ್ನು ಬಿಳಿಚಿಸುತ್ತದೆ, ಬೆಂಜೊಯೇಟ್ ವಿಟಮಿನ್ ಸಿ ಜೊತೆ ಸೇರಿ ಬಿಸಿಲಲ್ಲಿ ನಿಂತರೆ ಚೂರು ಬೆಂಜೀನ್ ಹುಟ್ಟಬಹುದು. ಮನೆಯಲ್ಲಿ ದಮ್ಮು ಇದ್ದವರಿಗೆ ಸಲ್ಫೈಟ್ ಆಗಿಬರುವುದಿಲ್ಲ. ಅವರಿಗೆ ಸಂರಕ್ಷಕವಿಲ್ಲದೆ ಮಾಡಿ ಫ್ರಿಜ್‌ನಲ್ಲಿಡಿ. ಬೆಂಜೊಯೇಟನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ, ಪಾಕವನ್ನು ತಿರುವುತ್ತ ಸಣ್ಣಗೆ ಹಾಕಬೇಕು. ಸಿಟ್ರಿಕ್ ಆಮ್ಲದ ಜೊತೆ ಒಂದೇ ಬಟ್ಟಲಲ್ಲಿ ಕಲಸಿದರೆ ಬೆಂಜೊಯಿಕ್ ಆಮ್ಲ ಬಿಳಿ ಚೂರಾಗಿ ಕೆಳಗೆ ಕೂರುತ್ತದೆ, ಆಮೇಲೆ ಕರಗದು. ಹುಳಿಯಿಲ್ಲದ ಸಪ್ಪೆ ಪಾಕದಲ್ಲಿ ಬೆಂಜೊಯೇಟ್ ಕೆಲಸವನ್ನೇ ಮಾಡುವುದಿಲ್ಲ. ಹಾಲಿನ ಸಿರಪ್ ಸಣ್ಣ ಬಾಟಲಿಗಳಲ್ಲಿ ಫ್ರಿಜ್‌ಗೆ, ಒಂದು ತಿಂಗಳೊಳಗೆ ಖಾಲಿ.

ಬಣ್ಣ ಹಾಕಲೇಬೇಕೆಂದರೆ ಅನುಮತಿ ಇರುವ ಆಹಾರ ಬಣ್ಣ 1 ಗ್ರಾಂ, 100 ಎಂ.ಎಲ್. ಕುದಿಸಿ ಆರಿಸಿದ ನೀರಿನಲ್ಲಿ. ಇದರ 10 ಎಂ.ಎಲ್. ಒಂದು ಕಿಲೋಗೆ ಬೇಕಾದಷ್ಟಾಯಿತು, ಅಷ್ಟು ನೀರನ್ನು ಪಾಕದಲ್ಲಿ ಮೊದಲೇ ಕಡಿಮೆ ಮಾಡಿಕೊಳ್ಳಿ. ಬಿಡಿಯಾಗಿ ಸಿಗುವ ಹೆಸರಿಲ್ಲದ ಗುಲಾಬಿ ಪುಡಿ ತರಬೇಡಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಬಾಂಬೆ ಮಿಠಾಯಿಯಲ್ಲಿ ನಿಷೇಧಿಸಿದ ರೋಡಮೈನ್-ಬಿ ಅಂಥದ್ದೇ ಹೊಳೆಯುವ ಗುಲಾಬಿ, ಬಟ್ಟೆಗೆ ಹಾಕುವ ಬಣ್ಣ.

ಬಾಟಲಿಯನ್ನು 20 ನಿಮಿಷ ನೀರಿನಲ್ಲಿ ಕುದಿಸಿ ಪೂರ್ತಿ ಒಣಗಿಸಿ. ಎಲ್ಲ ಸರಿಯಾಗಿ ಮಾಡಿಯೂ ಕತ್ತಿನಲ್ಲಿ ಬೂಸ್ಟು ಬರುವುದಕ್ಕೆ ಕಾರಣ ಸಾಮಾನ್ಯವಾಗಿ ಮುಚ್ಚಳದ ಬೆವರು: ಬಿಸಿ ಸಿರಪ್ ತುಂಬಿ ಮುಚ್ಚಿದರೆ ಆವಿ ನೀರಾಗಿ ಮೇಲ್ಮೈಗೆ ಇಳಿದು, ಅಲ್ಲೊಂದು ತೆಳು ಪದರದಲ್ಲಿ ಮಾತ್ರ ಸಕ್ಕರೆ 65ಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ಅಷ್ಟು ಜಾಗ ಬೂಸ್ಟಿಗೆ ಸಾಕು. ಎಸೆನ್ಸಿನ ಸಿರಪ್ ಪೂರ್ತಿ ಆರಿದ ಮೇಲೆ ತುಂಬಿ. ಹಣ್ಣಿನದನ್ನು ಬಿಸಿಯಾಗಿ ತುಂಬಿದರೆ ಮುಚ್ಚಿದ ಕೂಡಲೇ ಎರಡು ನಿಮಿಷ ತಲೆಕೆಳಗು ಇಟ್ಟು, ಆರಿದ ಮೇಲೆ ಒಮ್ಮೆ ಕುಲುಕಿ. ಮುಚ್ಚಳ ತೆಗೆದಾಗ ಬುಸ್ ಎಂದರೆ ಒಳಗೆ ಹುದುಗು ಶುರುವಾಗಿದೆ, ಮತ್ತೆ ಕುದಿಸಿ ಉಳಿಸಿಕೊಳ್ಳಲು ನೋಡದೆ ಚೆಲ್ಲಿಬಿಡಿ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ ದಿನಾಂಕ, ಪಾಕದ ಬಗೆ, ಎಸೆನ್ಸಿನ ಕಂಪನಿ, ಕಿಲೋಗೆ ಎಷ್ಟು ಗ್ರಾಂ ಎಂದು ಬರೆಯಿರಿ. ಹಾಲಿನದಕ್ಕೂ ನೀರಿನದಕ್ಕೂ ಬೇರೆ ಬೇರೆ ಬಣ್ಣದ ಮುಚ್ಚಳ ಇಟ್ಟರೆ ಇನ್ನೂ ಒಳ್ಳೆಯದು.