ಕಾಫಿ ಹೂವಿನ ಬಿಳುಪು ಫೋಟೊದಲ್ಲೂ ಉಳಿಯಲಿ

ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕೊಡಗಿನ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಆಗ ಮೊಬೈಲಿನಲ್ಲಿ ಫೋಟೊ ತೆಗೆಯದವರೇ ಇಲ್ಲ. ಮನೆಗೆ ಬಂದು ನೋಡಿದರೆ ಹೂವು ಬೂದು ಬೂದು, ಅಲ್ವಾ?

ತಪ್ಪು ನಿಮ್ಮದಲ್ಲ. ಎದುರಿಗಿರುವುದು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ನಡುವಿನ ಬೂದು ಎಂದುಕೊಂಡು ಕ್ಯಾಮೆರಾ ಬೆಳಕು ಅಳೆಯುತ್ತದೆ. ಹಾಗಾಗಿ ಬಿಳಿ ಜಾಸ್ತಿ ಇದ್ದ ಕಡೆ ಫೋಟೊ ಮಂಕಾಗುತ್ತದೆ.

ಮೊದಲು ಫೋಟೊದ ಒಂದು ಪ್ರತಿ ಮಾಡಿ, ಮೂಲವನ್ನು ಮುಟ್ಟಬೇಡಿ. ಪ್ರತಿಯನ್ನು ಸ್ನ್ಯಾಪ್‌ಸೀಡ್‌ನಂಥ ಯಾವುದಾದರೂ ಉಚಿತ ಆ್ಯಪ್‌ನಲ್ಲಿ ತೆರೆಯಿರಿ. ಬ್ರೈಟ್‌ನೆಸ್ ಅನ್ನು ಒಮ್ಮೆ ಪೂರ್ತಿ ಏರಿಸಿ, ಪೂರ್ತಿ ಇಳಿಸಿ. ಸುಮ್ನೆ ನೋಡಿ. ಅದು ಏನು ಮಾಡುತ್ತದೆ ಎಂದು ಕಣ್ಣಿಗೆ ತಿಳಿದ ಮೇಲೆ, ಹೂವು ಬೆಳ್ಳಗೆ ಕಾಣುವಷ್ಟು ಮಾತ್ರ ಏರಿಸಿ.

ಇಲ್ಲೇ ಎಲ್ಲರೂ ಎಡವುವುದು. ಮೊಬೈಲಿನ ಸಾಮಾನ್ಯ ಜೆಪೆಗ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಈ ಮೂರು ಬಣ್ಣದ ಬೆಳಕಿಗೂ ತಲಾ 0ಯಿಂದ 255ರವರೆಗೆ ಮೆಟ್ಟಿಲುಗಳಿವೆ. ಮೂರೂ ಬಣ್ಣ 255 ಮುಟ್ಟಿದ ಜಾಗ ಬರೀ ಬಿಳಿ. ಎಸಳಿನ ಮಡಿಕೆ, ನೆರಳು ಯಾವುದೂ ಅಲ್ಲಿ ಉಳಿಯುವುದಿಲ್ಲ. ಆ್ಯಪ್‌ನಲ್ಲಿ ಹಿಸ್ಟೋಗ್ರಾಮ್ ಎಂಬ ಗುಡ್ಡದಂಥ ನಕ್ಷೆ ಇದ್ದರೆ ನೋಡಿಕೊಳ್ಳಿ, ಅದರ ಎಡಗಡೆ ಕತ್ತಲು, ಬಲಗಡೆ ಬೆಳಕು. ಗುಡ್ಡ ಬಲಗಡೆಯ ಗೋಡೆಗೆ ಒತ್ತಿ ನಿಂತಿದ್ದರೆ ಜಾಸ್ತಿಯಾಯಿತು ಎಂದರ್ಥ. ತೀರಾ ಬೆಳಕಿನ ಭಾಗವನ್ನಷ್ಟೇ ತಿದ್ದುವ ಹೈಲೈಟ್ಸ್ ಸ್ವಲ್ಪ ಇಳಿಸಿ, ಫೋಟೊ ಹಿಗ್ಗಿಸಿ, ಎಸಳಿನ ಅಂಚು ಬಿಡಿಬಿಡಿಯಾಗಿ ಕಾಣುತ್ತದೆಯೇ ನೋಡಿ. ತೆಗೆಯುವಾಗಲೇ ಸುಟ್ಟು ಬಿಳಿಯಾದ ಜಾಗವನ್ನು ಮಾತ್ರ ಯಾವ ಆ್ಯಪ್ ಕೂಡ ನಿಜವಾಗಿ ಮರಳಿ ತರಲಾರದು. ಅದಕ್ಕೇ ಬಿಸಿಲಲ್ಲಿ ಹೂವಿನ ಫೋಟೊ ಒಂದು ಚೂರು ಮಂಕಾಗಿ ಬಂದರೂ ಒಳ್ಳೆಯದು ಎನ್ನುತ್ತೇನೆ.

ಮರದ ನೆರಳಲ್ಲಿ ತೆಗೆದ ಹೂವಿಗೆ ಕೆಲವೊಮ್ಮೆ ನೀಲಿ ಛಾಯೆ ಬರುತ್ತದೆ. ಬಣ್ಣವನ್ನು ಹಳದಿಯತ್ತ ತಿರುಗಿಸುವ ವಾರ್ಮ್ತ್ ಸ್ವಲ್ಪ ಏರಿಸಿದರೆ ಸರಿಹೋಗಬಹುದು. ಹಳದಿಗೆ ತಿರುಗಿದರೆ ಹಿಂದೆ ಬನ್ನಿ. ಕತ್ತಲ ಭಾಗವನ್ನು ಬೆಳಗಿಸುವ ಶ್ಯಾಡೋಸ್ ತುಂಬ ಎತ್ತಿದರೆ ಗಿಡದ ಬುಡದ ಕತ್ತಲಲ್ಲಿ ಕಾಳುಕಾಳು ಏಳುತ್ತದೆ. ಬಣ್ಣದ ಗಾಢತೆ ಹೆಚ್ಚಿಸುವ ಸ್ಯಾಚುರೇಶನ್ ಮುಟ್ಟದಿದ್ದರೇ ಚೆಂದ, ಏರಿಸಿದರೆ ಕಾಫಿ ಎಲೆ ಪ್ಲಾಸ್ಟಿಕ್ ಎಲೆಯಂತಾಗುತ್ತದೆ.

ಮಡಿಕೇರಿಯ ರಾಜಾಸೀಟ್‌ನಲ್ಲಿ ತೆಗೆದ ಮಂಜಿನ ಫೋಟೊಗೂ ಇದೇ ಕ್ರಮ. ಆದರೆ ಬೆಳಕು-ಕತ್ತಲಿನ ಅಂತರ ಹೆಚ್ಚಿಸುವ ಕಾಂಟ್ರಾಸ್ಟ್ ತುಂಬ ಏರಿಸಬೇಡಿ. ಮಂಜೇ ಹೋದ ಮೇಲೆ ಅಲ್ಲಿ ನಿಂತು ಕಂಡಿದ್ದೇನು ಉಳಿಯಿತು?

ರಾತ್ರಿ ಕತ್ತಲಲ್ಲಿ ತಿದ್ದಿದ್ದನ್ನು ಕೂಡಲೇ ಯಾರಿಗೂ ಕಳಿಸಬೇಡಿ. ಬೆಳಿಗ್ಗೆ ತೋಟಕ್ಕೆ ಹೋಗಿ, ಹೂವು ಕಂದುವ ಮೊದಲೇ ಅದರ ಪಕ್ಕದಲ್ಲಿ ಮೊಬೈಲ್ ಹಿಡಿದು ನೋಡಿ. ಎರಡೂ ಒಂದೇ ಬಿಳುಪು ಅನ್ನಿಸಿದರೆ ಕಳಿಸಿ.