ಕೆನಡಾದಲ್ಲಿ ಎಂಜಿನಿಯರ್ ಎನಿಸಿಕೊಳ್ಳುವುದು: ಹೊಸದಾಗಿ ಬಂದವರಿಗೆ ನೆರವಾಗುವುದು ಹೇಗೆ?

ಊರಿನಲ್ಲಿ ಹತ್ತು ಹನ್ನೆರಡು ವರ್ಷ ಸೇತುವೆ, ಕಟ್ಟಡ, ವಿದ್ಯುತ್ ಉಪಕೇಂದ್ರಗಳ ಕೆಲಸ ಮಾಡಿ, ಕಾಯಂ ನಿವಾಸದ ಅನುಮತಿ ಪಡೆದು ಟೊರಾಂಟೊದಲ್ಲಿ ಇಳಿಯುವ ಎಂಜಿನಿಯರ್ ಒಬ್ಬರು, ಮನೆ ಬಾಡಿಗೆಗೆಂದು ಗೋದಾಮಿನ ಕೆಲಸಕ್ಕೆ ಸೇರಿ ಅಲ್ಲಿಯೇ ವರ್ಷಗಟ್ಟಲೆ ಉಳಿದುಬಿಡುವುದನ್ನು ಅಲ್ಲಿನ ಕನ್ನಡಿಗರು ಕಂಡಿದ್ದಾರೆ. ಯಾವ ದುಡಿಮೆಯೂ ಕೀಳಲ್ಲ. ಆದರೆ ಕಷ್ಟಪಟ್ಟು ಕಲಿತ ವಿದ್ಯೆ ಬಳಕೆಯಿಲ್ಲದೆ ತುಕ್ಕು ಹಿಡಿಯುವುದು ಆ ಕುಟುಂಬಕ್ಕೂ ಅವರನ್ನು ಬರಮಾಡಿಕೊಂಡ ದೇಶಕ್ಕೂ ನಷ್ಟವೇ. ಇಂಥವರಿಗೆ ನೆರವಾಗಬಯಸುವ ಬಂಧುಗಳು, ಗೆಳೆಯರು ಹಾಗೂ ಮೊದಲೇ ಹೋಗಿ ನೆಲೆನಿಂತ ಎಂಜಿನಿಯರುಗಳು ಯಾವ ಕ್ರಮದಲ್ಲಿ ಏನು ಮಾಡಬಹುದು ಎಂಬುದನ್ನು ಒಂಟಾರಿಯೊ ಪ್ರಾಂತವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಯಮವನ್ನು ಸರಿಯಾಗಿ ತಿಳಿಸಿಕೊಡಬೇಕು. ಕೆನಡಾದಲ್ಲಿ ಎಂಜಿನಿಯರ್ ಪರವಾನಗಿಯನ್ನು ಕೇಂದ್ರ ಸರ್ಕಾರ ಕೊಡುವುದಿಲ್ಲ. ಪ್ರಾಂತಗಳಲ್ಲಿರುವ ನಿಯಂತ್ರಣ ಸಂಸ್ಥೆಗಳು ಕೊಡುತ್ತವೆ. ಒಂಟಾರಿಯೊದಲ್ಲಿ ಆ ಹೊಣೆ 1922ರಲ್ಲಿ ಸ್ಥಾಪನೆಯಾದ ‘ಪ್ರೊಫೆಷನಲ್ ಎಂಜಿನಿಯರ್ಸ್ ಒಂಟಾರಿಯೊ’ದ್ದು. ಅದು ಕೊಡುವ ‘ಪಿ.ಎಂಜ್.’ (ಪ್ರೊಫೆಷನಲ್ ಎಂಜಿನಿಯರ್) ಪರವಾನಗಿ ಇಲ್ಲದೆ ವಿಸಿಟಿಂಗ್ ಕಾರ್ಡಿನಲ್ಲಿ ಎಂಜಿನಿಯರ್ ಎಂದು ಅಚ್ಚು ಹಾಕಿಸಿಕೊಂಡರೂ ಕಾನೂನಿನ ತೊಡಕು ಎದುರಾಗಬಹುದು. ಆದರೆ ಪರವಾನಗಿ ಇರುವವರ ಹೊಣೆಗಾರಿಕೆಯಡಿ ತಾಂತ್ರಿಕ ಕೆಲಸ ಮಾಡಲು ಅಡ್ಡಿಯಿಲ್ಲ. ಆದ್ದರಿಂದ ಪರವಾನಗಿ ಬಂದ ಮೇಲೆ ಕೆಲಸ ಹುಡುಕುತ್ತೇನೆ ಎಂದು ಕಾಯುವುದು ಬೇಡ. ಎರಡೂ ಜೊತೆಜೊತೆಗೆ ಸಾಗಲಿ. ವಲಸೆ ಅರ್ಜಿಗಾಗಿ ಮಾಡಿಸಿದ ಪದವಿ ಮೌಲ್ಯಮಾಪನವೇ ಪರವಾನಗಿಗೂ ಸಾಕೆಂದು ಅನೇಕರು ನಂಬಿರುತ್ತಾರೆ. ಅವೆರಡೂ ಬೇರೆ ಬೇರೆ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡಬೇಕು.

ಎರಡನೆಯ ಹೆಜ್ಜೆ ವಿಮಾನ ಹತ್ತುವ ಮುನ್ನವೇ ಮುಗಿಯಬೇಕಾದದ್ದು. ಅಧಿಕೃತ ಅಂಕಪಟ್ಟಿಯ ಪ್ರತಿ ವಿಶ್ವವಿದ್ಯಾಲಯದಿಂದ ನೇರವಾಗಿ ಸಂಸ್ಥೆಗೆ ತಲುಪಬೇಕಾಗುತ್ತದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಓದಿದವರು ಆಗ ತಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿತ್ತೋ ಅಲ್ಲಿಗೇ ಹೋಗಬೇಕು. ದೂರದಿಂದ ಈ ಕೆಲಸ ಮಾಡಿಸುವುದು ತಲೆನೋವು, ಹಾಗಾಗಿ ಊರಿನಲ್ಲಿರುವ ಅಣ್ಣನೋ ತಂಗಿಯೋ ಕಚೇರಿಗೆ ಎರಡು ಸಲ ಹೋಗಿ ಬಂದರೆ ಅದೇ ದೊಡ್ಡ ಉಪಕಾರ. ಪಠ್ಯಕ್ರಮದ ಪ್ರತಿ, ಕೆಲಸ ಮಾಡಿದ ಪ್ರತಿಯೊಂದು ಸಂಸ್ಥೆಯಿಂದ ಕರ್ತವ್ಯಗಳನ್ನು ವಿವರಿಸುವ ಪತ್ರ, ಮೇಲಧಿಕಾರಿಗಳ ಖಾಸಗಿ ಇ-ಮೇಲ್ ವಿಳಾಸ ಇವೆಲ್ಲ ಒಂದು ಕಡತದಲ್ಲಿರಲಿ. ಮೇಲಧಿಕಾರಿ ನಿವೃತ್ತರಾದ ಮರುದಿನದಿಂದ ಅವರ ಕಚೇರಿಯ ವಿಳಾಸ ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯದು ಅನುಭವವನ್ನು ಬರಹಕ್ಕೆ ಇಳಿಸುವುದು. ನೆರವು ನಿಜವಾಗಿ ಬೇಕಾಗುವುದು ಇಲ್ಲಿ. ಪರವಾನಗಿಗೆ 48 ತಿಂಗಳ ಎಂಜಿನಿಯರಿಂಗ್ ಅನುಭವ ಬೇಕು. ಅದರಲ್ಲಿ 12 ತಿಂಗಳು ಕೆನಡಾದ್ದೇ ಆಗಿರಬೇಕೆಂಬ ಹಳೆಯ ನಿಯಮವನ್ನು 2023ರ ಮೇ ತಿಂಗಳಲ್ಲಿ ಒಂಟಾರಿಯೊದ ಸಂಸ್ಥೆ ಕೈಬಿಟ್ಟಿತು. ಕೆಲಸ ಸಿಗಲು ಪರವಾನಗಿ, ಪರವಾನಗಿ ಸಿಗಲು ಕೆಲಸ ಎಂಬ ಸಂಕಟದಲ್ಲಿ ಸಿಲುಕಿದ್ದವರಿಗೆ ಇದರಿಂದ ದೊಡ್ಡ ಬಿಡುಗಡೆ ದೊರೆಯಿತು. ಈಗ ಅನುಭವವನ್ನು ಏಳು ವಿಭಾಗಗಳಲ್ಲಿ ಹಂಚಿದ 34 ಸಾಮರ್ಥ್ಯಗಳ ಮೂಲಕ ಅಳೆಯುತ್ತಾರೆ, ಮತ್ತು ಅರ್ಜಿದಾರರು ಬರೆದದ್ದನ್ನು ಆ ಕೆಲಸ ಬಲ್ಲವರು ದೃಢೀಕರಿಸಬೇಕು.

ನಮ್ಮವರು ಎಡವುವುದು ಒಂದೇ ಪದದಲ್ಲಿ: ‘ನಾವು’. ಮಾಡಿದ್ದನ್ನು ‘ನಾನು ಮಾಡಿದೆ’ ಎಂದು ಹೇಳಿಕೊಳ್ಳುವುದು ಬಡಾಯಿಯೆಂದು ಬೆಳೆದವರು ನಾವು. ‘ನಮ್ಮ ತಂಡ ಹಳ್ಳಕ್ಕೆ ಬಾಕ್ಸ್ ಕಲ್ವರ್ಟ್ ಕಟ್ಟಿತು’ ಎಂಬ ವಾಕ್ಯದಿಂದ ಮೌಲ್ಯಮಾಪಕರಿಗೆ ಏನೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಪಾಯದಡಿಯ ಎರೆಮಣ್ಣು ನೀರು ಕುಡಿದರೆ ಉಬ್ಬುವಂಥದ್ದೆಂದು ಮಣ್ಣಿನ ಪರೀಕ್ಷೆ ತೋರಿಸಿತು. ಅದನ್ನು ಎಷ್ಟು ಆಳದವರೆಗೆ ತೆಗೆದು ಗ್ರಾವೆಲ್ ತುಂಬಿಸಬೇಕೆಂದು ನಾನು ಲೆಕ್ಕ ಹಾಕಿ ಡ್ರಾಯಿಂಗ್ ತಿದ್ದಿದೆ. ಹಿರಿಯ ಎಂಜಿನಿಯರ್ ಒಪ್ಪಿದರು. ಎರಡು ಮಳೆಗಾಲ ಕಳೆದರೂ ಗೋಡೆ ಬಿರುಕು ಬಿಡಲಿಲ್ಲ.’ ಸನ್ನಿವೇಶ, ತಾನು ಮಾಡಿದ್ದು, ಫಲ ಮೂರೂ ಅಲ್ಲಿವೆ. ನೆರವಾಗುವವರು ಎದುರು ಕುಳಿತು ಕನ್ನಡದಲ್ಲಿಯೇ ಪ್ರಶ್ನೆ ಕೇಳಿ, ಉತ್ತರಗಳನ್ನು ಗುರುತು ಹಾಕಿಕೊಂಡು, ಆಮೇಲೆ ಇಂಗ್ಲಿಷಿಗೆ ತರಲು ಜೊತೆಗೂಡಿದರೆ ಬರಹಕ್ಕೆ ಜೀವ ಬರುತ್ತದೆ. ಅರ್ಜಿದಾರರ ಪರವಾಗಿ ತಾವೇ ಬರೆದುಕೊಡುವುದು ಮಾತ್ರ ಸಲ್ಲದು.

ಪರೀಕ್ಷೆಗಳ ವಿಷಯ ಹೆಚ್ಚು ಹೇಳಬೇಕಿಲ್ಲ. ವೃತ್ತಿನೀತಿ ಮತ್ತು ಕಾನೂನಿನ ರಾಷ್ಟ್ರೀಯ ಪರೀಕ್ಷೆಯಲ್ಲಿ 110 ಬಹುಆಯ್ಕೆ ಪ್ರಶ್ನೆಗಳಿಗೆ ಎರಡೂವರೆ ಗಂಟೆಯಲ್ಲಿ ಉತ್ತರಿಸಬೇಕು. ಹೊರದೇಶದ ಪದವಿಯವರಿಗೆ ತಾಂತ್ರಿಕ ಪರೀಕ್ಷೆಗಳೂ ಇರಬಹುದು. ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾಗಿದ್ದರೂ ಅದರ ಮಾನ್ಯತೆ ನಮ್ಮ ಎಲ್ಲ ಕಾಲೇಜುಗಳಿಗೂ ಅನ್ವಯಿಸುವುದಿಲ್ಲ. ಪದವಿ ಪಡೆದ ವಿಭಾಗಕ್ಕೆ ಆ ವರ್ಷ ಮಾನ್ಯತೆ ಇತ್ತೇ ಎಂದು ವಿಚಾರಿಸಿಕೊಳ್ಳಬೇಕು.

ಇದರ ಜೊತೆಗೆ ಸ್ಥಳೀಯ ಸಂಹಿತೆಗಳ ಅಭ್ಯಾಸ ನಡೆಯಬೇಕು. ನಮ್ಮಲ್ಲಿ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಸಂಹಿತೆಯಾದ ಐ.ಎಸ್. 456ರಂತೆ ಕಾಂಕ್ರೀಟಿನ ಬಲವನ್ನು 150 ಮಿ.ಮೀ. ಕ್ಯೂಬ್ ಒಡೆದು ನೋಡುತ್ತೇವೆ. ಕೆನಡಾದಲ್ಲಿ ಒಡೆಯುವುದು ಸಿಲಿಂಡರನ್ನು. ಒಂದೇ ಕಾಂಕ್ರೀಟ್ ಸಿಲಿಂಡರಿನಲ್ಲಿ ಸುಮಾರು ಶೇ 80ರಷ್ಟು ಬಲವನ್ನಷ್ಟೇ ತೋರಿಸುತ್ತದೆ, ಆದ್ದರಿಂದ ನಮ್ಮ ಎಂ25 (ಕ್ಯೂಬಿನಲ್ಲಿ 25 ಮೆಗಾಪಾಸ್ಕಲ್ ಬಲದ ಕಾಂಕ್ರೀಟ್) ಅಲ್ಲಿ ಸರಿಸುಮಾರು 20 ಮೆಗಾಪಾಸ್ಕಲ್. ಟೊರಾಂಟೊದಲ್ಲಿ ಚಳಿಗೆ ಮಣ್ಣು ಹೆಪ್ಪುಗಟ್ಟಿ ಉಬ್ಬುವುದರಿಂದ ಪಾಯವನ್ನು ಸುಮಾರು 1.2 ಮೀಟರ್ ಆಳಕ್ಕೆ ಇಳಿಸುತ್ತಾರೆ. ಸಂದರ್ಶನದಲ್ಲಿ ಈ ವ್ಯತ್ಯಾಸವನ್ನು ತಾವಾಗಿಯೇ ವಿವರಿಸಬಲ್ಲ ಅಭ್ಯರ್ಥಿಯ ಮೇಲೆ ಕೇಳುವವರಿಗೆ ನಂಬಿಕೆ ಹುಟ್ಟುತ್ತದೆ.

ಕೆಲಸದ ಅರ್ಜಿಯಲ್ಲಿ ಭಾವಚಿತ್ರ, ವಯಸ್ಸು, ವೈವಾಹಿಕ ಸ್ಥಿತಿ ಬೇಡ. ‘ಎರಡು ಕೋಟಿ ರೂಪಾಯಿಯ ಕಾಮಗಾರಿ’ ಎಂಬುದು ‘20 ಮಿಲಿಯನ್ ರೂಪಾಯಿ’ ಆಗಲಿ, ಪಕ್ಕದಲ್ಲಿ ಡಾಲರ್ ಲೆಕ್ಕವೂ ಇರಲಿ. ಎಸ್ಟಿಮೇಟರ್, ಇನ್‌ಸ್ಪೆಕ್ಟರ್, ಪ್ರಾಜೆಕ್ಟ್ ಕೋಆರ್ಡಿನೇಟರ್ ಹುದ್ದೆಗಳನ್ನು ಕಡೆಗಣಿಸದಂತೆ ಹೇಳಬೇಕು. ಗೋದಾಮಿನ ಪಾಳಿಗಿಂತ ಅವು ಪರವಾನಗಿಗೆ ಬಹಳ ಹತ್ತಿರ. ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯವು ಹೊರದೇಶದಲ್ಲಿ ಓದಿದ ಎಂಜಿನಿಯರುಗಳಿಗಾಗಿ, ಅವರ ಓದಿಗೂ ಪರವಾನಗಿಯ ಅಗತ್ಯಕ್ಕೂ ನಡುವಿನ ಕೊರತೆ ತುಂಬುವ ‘ಬ್ರಿಡ್ಜಿಂಗ್’ ಕೋರ್ಸು ನಡೆಸುತ್ತ ಬಂದಿದೆ. ಹೊಸಬರನ್ನು ಅದೇ ವೃತ್ತಿಯ ಹಿರಿಯರ ಜೊತೆ ಜೋಡಿಸುವ ‘ಟ್ರೀಕ್’ ಸಂಸ್ಥೆಯ ಮಾರ್ಗದರ್ಶನ ಯೋಜನೆ 2004ರಲ್ಲಿ ಶುರುವಾಯಿತು.

ಈಗಾಗಲೇ ಪಿ.ಎಂಜ್. ಪಡೆದಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಹೊಸದಾಗಿ ಬಂದವರನ್ನು ಹಬ್ಬದೂಟಕ್ಕೆ ಕರೆದಾಗ ಊಟದ ನಂತರ ಒಂದು ಗಂಟೆ ಅವರಿಗಾಗಿ ತೆಗೆದಿಡಿ. ಒಂದೇ ಒಂದು ಕಾಮಗಾರಿಯನ್ನು ಆರಿಸಿಕೊಂಡು, ‘ಇದರಲ್ಲಿ ನೀವೇ ತೆಗೆದುಕೊಂಡ ನಿರ್ಧಾರ ಯಾವುದು?’ ಎಂದು ಕೇಳಿ, ಅವರು ಹೇಳುವಾಗ ನೀವು ಬರೆದುಕೊಳ್ಳಿ. 34 ಸಾಮರ್ಥ್ಯಗಳಲ್ಲಿ ಮೊದಲನೆಯದರ ಕರಡು ಅಂದೇ ಸಿದ್ಧವಾಗಿರುತ್ತದೆ.