ಇಪ್ಪತ್ತೆಂಟು ದಿನದ ಹಾಡು

ನಮ್ಮದು ಕಲಬುರಗಿಯ ನಾಲ್ಕು ಜನರ ರಾಕ್ ಬ್ಯಾಂಡ್. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್. ಸೇಡಂ ರಸ್ತೆ ಕಡೆ ಗೆಳೆಯನ ಮನೆ ಮಾಳಿಗೆ ಮೇಲೆ ತಗಡಿನ ಕೋಣೆ ಇದೆ, ಅಲ್ಲೇ ಪ್ರಾಕ್ಟೀಸ್. ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟಿದರೆ ತಂತಿಗಳು ಶ್ರುತಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ರಾತ್ರಿ ಒಂಬತ್ತರ ಮೇಲೆ ಸೇರುತ್ತೇವೆ.

ಹೋದ ವರ್ಷ ಮುತ್ಯಾ, ಅಂದರೆ ನಮ್ಮ ಅಜ್ಜ, ತೀರಿಕೊಂಡ. ಆಳಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ತೊಗರಿ ಬೆಳೆಯುತ್ತಿದ್ದ, ಭಜನೆಯಲ್ಲಿ ತಾಳ ಹಿಡಿಯುತ್ತಿದ್ದ. ನನ್ನನ್ನು ಬೆಳೆಸಿದವನು ಅವನೇ. ಅವನಿಗಾಗಿ ಒಂದು ಹಾಡು ಮಾಡಲೇಬೇಕು ಅನ್ನಿಸಿತು.

ಆ ದಿನಗಳಲ್ಲಿ ಅಮೆರಿಕದ ಡುಲುತ್ ಊರಿನ ‘ಲೋ’ ಎಂಬ ಬ್ಯಾಂಡನ್ನು ಬಹಳ ಕೇಳುತ್ತಿದ್ದೆವು. 1993ರಲ್ಲಿ ಶುರುವಾದ ಬ್ಯಾಂಡ್. ಸುತ್ತಲಿನವರು ಜೋರು ಮಾಡುತ್ತಿದ್ದಾಗ ಇವರು ಮೆಲ್ಲಗೆ, ತುಂಬ ನಿಧಾನವಾಗಿ ಹಾಡಿದರು. ನಾವೂ ಹಾಗೇ ಮಾಡಿದೆವು. ನಿಮಿಷಕ್ಕೆ 64 ಬೀಟ್, ಎ ಮೈನರ್, ಗಿಟಾರಿಗೆ ಜಾಸ್ತಿ ರಿವರ್ಬ್, ಅಂದರೆ ದೊಡ್ಡ ಕೋಣೆಯೊಳಗಿನಂಥ ಗುಂಯ್‌ಗುಡುವಿಕೆ. ಸಾಹಿತ್ಯದಲ್ಲಿ ಕತ್ತಲು, ಕಣ್ಣೀರು, ಒಂಟಿತನ ಎಲ್ಲ ಬಂದವು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಮುತ್ಯಾ ಎಲ್ಲೂ ಇರಲಿಲ್ಲ. ಯಾರು ಸತ್ತರೂ ಹೊಂದುವ ಹಾಡು ಅದು. ಎರಡು ತಿಂಗಳು ಅದನ್ನು ಮುಟ್ಟಲಿಲ್ಲ.

ದಾರಿ ಸಿಕ್ಕಿದ್ದು ಆಯಿಯಿಂದ, ಅಂದರೆ ಅಜ್ಜಿಯಿಂದ. ಒಂದು ದಿನ ಫೋನ್ ಮಾಡಿ, “ತಮ್ಮಾ, ನಿಮ್ಮ ಮುತ್ಯಾನ ಫೋನಿಗಿ ರೀಚಾರ್ಜ್ ಹಾಕ್ಸು. ನಂಬರ್ ಬಂದ್ ಆಗಬಾರದು” ಅಂದಳು. ಮತ್ತೆ 28 ದಿನಕ್ಕೆ ಅದೇ ಮಾತು. ಆ ಫೋನಿಗೆ ಯಾರೂ ಕರೆ ಮಾಡುವುದಿಲ್ಲ. ಪಡಸಾಲೆಯ ಗೂಡಿನಲ್ಲಿ, ಶಹಾಬಾದ್ ಫರ್ಸಿ ಕಲ್ಲಿನ ಮೇಲೆ, ಮುತ್ಯಾನ ತಾಳದ ಪಕ್ಕ ಇರುತ್ತದೆ. ಕೀಲಿಗಳ ಮೇಲಿನ ಅಂಕಿಗಳು ಅಳಿಸಿಹೋಗಿವೆ. 5 ಮಾತ್ರ ಸ್ವಲ್ಪ ಕಾಣುತ್ತದೆ. ಆಯಿ ಅದನ್ನು ದಿನಾ ಸೆರಗಿನಿಂದ ಒರೆಸುತ್ತಾಳೆ.

ಹಾಡು ಅಲ್ಲಿಂದ ಹುಟ್ಟಿತು. ಕತ್ತಲು, ಕಣ್ಣೀರು ಎಲ್ಲ ಹೊಡೆದು ಹಾಕಿದೆ. ಫೋನು, ಗೂಡು, ನಂಬರು, ಇಷ್ಟೇ ಉಳಿಸಿದೆ. ಇಡೀ ಹಾಡಿನಲ್ಲಿ ‘ಸತ್ತ’ ಅನ್ನುವ ಮಾತೇ ಇಲ್ಲ.

ಆಮೇಲೆ ಲಯ. ಮುತ್ಯಾ ಹೋದ ರಾತ್ರಿ ಅವನ ದೇಹವನ್ನು ಕೂರಿಸಿ, ಮುಂದೆ ಬೆಳಗಿನವರೆಗೆ ಭಜನೆ ಮಾಡಿದ್ದರು. ತತ್ವಪದಗಳು ಅವು. ಆದರೆ ಡೋಲಕ್ ಒಂದು ಸಲವೂ ನಿಧಾನ ಆಗಲಿಲ್ಲ, ಬೆಳಗಿನ ಜಾವಕ್ಕೆ ಇನ್ನೂ ಜೋರಾಯಿತು. ಮೊಹರಂ ರಿವಾಯತ್ ಪದಗಳೂ ಹಾಗೇ ಅಲ್ವಾ? 680ರಲ್ಲಿ ಕರ್ಬಲಾದಲ್ಲಿ ಆದ ಸಾವಿನ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಹೆಜ್ಜೆ ಹಾಕುತ್ತಾ ಹಾಡುತ್ತಾರೆ. ಇದನ್ನೆಲ್ಲ ನೋಡುತ್ತ ಬೆಳೆದ ನಾನು 64ಕ್ಕೆ ಯಾಕೆ ಹೋದೆ ಅಂತ ನಿಜವಾಗಿ ಬೇಜಾರಾಯಿತು. ಲಯವನ್ನು 112ಕ್ಕೆ ಏರಿಸಿದೆವು. ಡ್ರಮ್ಸ್ ಗೆಳೆಯ ಭಜನೆಯ ಎಂಟು ಮಾತ್ರೆಯ ಠೇಕಾ, ಅಂದರೆ ತಿರುತಿರುಗಿ ಬರುವ ಏಟುಗಳ ಸುತ್ತು, ಹಿಡಿದ.

ಮಾಮೂಲಿ ರಾಕ್ ಹಾಡಿನ ಸಾಲು ಹೆಚ್ಚಾಗಿ ಎಂಟು ಬಾರ್ ಇರುತ್ತದೆ. ಒಂದು ಬಾರ್ ಅಂದರೆ ನಾಲ್ಕು ಬೀಟು. ನಾವು ಏಳಕ್ಕೇ ನಿಲ್ಲಿಸಿದೆವು. ಏಳು ನಾಲ್ಕಲೆ ಇಪ್ಪತ್ತೆಂಟು. ಕಿವಿ ಎಂಟನೇ ಬಾರ್‌ಗಾಗಿ ಕಾಯುತ್ತದೆ, ಅದು ಬರುವುದಿಲ್ಲ, ಅಷ್ಟರಲ್ಲಿ ಮುಂದಿನ ಸಾಲು ಶುರು. ಎಂಟರ ಠೇಕಾಕ್ಕೆ ಇಪ್ಪತ್ತೆಂಟು ಕೂಡುವುದಿಲ್ಲ. ಎರಡನೇ ಸುತ್ತಿನಲ್ಲಿ ಮಾತು ಠೇಕಾದ ನಡುವೆ ಬೀಳುತ್ತದೆ. 56ಕ್ಕೆ ಮತ್ತೆ ಎರಡೂ ಸೇರುತ್ತವೆ. ಇದು ಕೈಗೆ ಕೂರಲು ನಮಗೆ ಮೂರು ವಾರ ಹಿಡಿಯಿತು.

ಕೊನೆಗೆ ಸ್ವರ. ಎ ಮೈನರ್ ಅಂದರೆ ಎ, ಸಿ, ಇ ಎಂಬ ಮೂರು ಸ್ವರ. ದುಃಖದ ಬಣ್ಣ ಬರುವುದು ನಡುವಿನ ಸಿ ಇಂದ. ಅದನ್ನೇ ಗಿಟಾರಿನ ಒಂದು ಫ್ರೆಟ್, ಅಂದರೆ ಒಂದು ಮನೆ, ಏರಿಸಿದರೆ ಮೇಜರ್ ಆಗಿ ನಗುಮುಖ ಬಂದುಬಿಡುತ್ತದೆ. ನಾವು ಎರಡೂ ಗಿಟಾರಿನಿಂದ ಸಿ ತೆಗೆದೆವು. ಈಗ ಗಿಟಾರ್ ಅಳುವುದೂ ಇಲ್ಲ, ನಗುವುದೂ ಇಲ್ಲ. ಪಲ್ಲವಿಯಲ್ಲಿ ‘ನಂಬರು’ ಅನ್ನುವಾಗ ಮಾತ್ರ ನನ್ನ ದನಿ ಆ ಸ್ವರ ಮುಟ್ಟುತ್ತದೆ. ಪೇಟಿ (ಹಾರ್ಮೋನಿಯಂ) ನುಡಿಸುವವರ ಮಾತಲ್ಲಿ ಹೇಳುವುದಾದರೆ ಕೋಮಲ ಗಂಧಾರ. ‘ಲೋ’ ಬ್ಯಾಂಡಿನ ಮಿಮಿ ಪಾರ್ಕರ್ ಒಂದೆರಡು ಡ್ರಮ್, ಒಂದು ಸಿಂಬಲ್ ಇಟ್ಟುಕೊಂಡು ನಿಂತೇ ಬಾರಿಸುತ್ತಿದ್ದರು. ಅವರಿಂದ ನಾವು ಕಲಿಯಬೇಕಿದ್ದದ್ದು ಕಡಿಮೆ ಇಟ್ಟುಕೊಳ್ಳುವುದನ್ನು. ನಿಧಾನ ಅವರದು, ಅವರಿಗೇ ಇರಲಿ.

ಹಾಡನ್ನು ಮೊದಲು ಕೇಳಿಸಿದ್ದು ಆಯಿಗೆ, ಅದೇ ಪಡಸಾಲೆಯಲ್ಲಿ. ಒಂದು ಗಿಟಾರ್, ಒಂದು ಡೋಲಕ್, ಅಷ್ಟೇ. ಆಕೆ ಗೋಡೆಗೆ ಒರಗಿ ಕೂತು, ಫರ್ಸಿಯ ಮೇಲೆ ಅಂಗೈಯಿಂದ ಭಜನೆಯ ಠೇಕಾ ಹಾಕತೊಡಗಿದಳು. ಎರಡನೇ ಸುತ್ತಿನಲ್ಲಿ ನನ್ನ ಮಾತು ಬೇರೆ ಕಡೆ ಬಿತ್ತು. ಆಕೆ ಕೈ ಬದಲಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಹಾಕುತ್ತಲೇ ಇದ್ದಳು. 56 ಮುಗಿದು ಮೊದಲ ಸಾಲು ತಿರುಗಿ ಬಂದಾಗ ಅವಳ ಅಂಗೈ, ನನ್ನ ಮಾತು ಒಂದೇ ಏಟಿಗೆ ಬಿದ್ದವು.

ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಎದ್ದು, ಗೂಡಿನಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು.

“ಈ ಸಲದ್ದು ಯಾವಾಗ ಮುಗೀತದ, ನೋಡು ತಮ್ಮಾ.”